ಚಿಕ್ಕಮ್ಮ ದನಿ ಇಳಿಸಿದ ವರ್ಷ

ನನ್ನ ಚಿಕ್ಕಮ್ಮ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವಳು. ಬೆಳಗಾಗುತ್ತಿದ್ದಂತೆ ಆಲೂಗಡ್ಡೆ ಮೂಟೆಗಳ ಮೇಲೆ ಹತ್ತಿ ನಿಂತು, "ಒಂದು ಸಾರಿ! ಎರಡು ಸಾರಿ! ಮೂ...ರು ಸಾರಿ! ಆಯ್ತು, ತಗೊಂಡು ಹೋಗಿ!" ಎಂದಳೆಂದರೆ ಲಾರಿಗಳ ಸದ್ದು, ಹಮಾಲರ ಜಗಳ, ನಾಯಿಗಳ ಬೊಗಳಾಟ ಎಲ್ಲ ಒಂದು ಗಳಿಗೆ ಅಡಗಿಹೋಗುತ್ತಿದ್ದವು. ಮಂಡಿಯವರು ಒಮ್ಮೆ ಅವಳಿಗೆ ಮೈಕು ಕೊಟ್ಟರು. ಮೊದಲನೇ ಮೂಟೆ ಮಾರಾಟವಾಗುವಷ್ಟರಲ್ಲಿ ಮೈಕಿನಿಂದ ಹೊಗೆ ಬಂತು. ಆಮೇಲೆ ಯಾರೂ ಆ ಸಾಹಸಕ್ಕೆ ಹೋಗಲಿಲ್ಲ.

ಮನೆಯಲ್ಲೂ ಅದೇ ದನಿ. ಊಟಕ್ಕೆ ಕೂತು "ಸ್ವಲ್ಪ ಉಪ್ಪು ಕೊಡೇ" ಎಂದರೆ ಮೇಲಿನ ಮಹಡಿಯವರು ಉಪ್ಪಿನ ಡಬ್ಬಿ ಹಿಡಿದು ಇಳಿದು ಬರುತ್ತಿದ್ದರು. ಅವಳು, ನಾನು, ನನ್ನ ಅಮ್ಮ, ಮೂವರೇ ಆ ಮನೆಯಲ್ಲಿ. ಅಮ್ಮ ಅವಳ ಅಕ್ಕ. ಮದುವೆಯ ಮಾತೆತ್ತಿದವರಿಗೆಲ್ಲ ಚಿಕ್ಕಮ್ಮ ಒಂದೇ ಮಾತು ಹೇಳುತ್ತಿದ್ದಳು: "ನನ್ನ ಜೊತೆ ಸಂಸಾರ ಮಾಡೋಕೆ ಒಂದೋ ಕಿವುಡ ಬೇಕು, ಇಲ್ಲಾ ಹುಚ್ಚ ಬೇಕು. ಇಬ್ಬರೂ ಸಿಕ್ಕಿಲ್ಲ."

ನಾನು ಬಾಸ್ಕೆಟ್‌ಬಾಲ್ ಆಡುವವಳು. ಕುಳ್ಳಗೆ, ಗುಂಡಗೆ ಇದ್ದೇನೆ, ನೆಲಕ್ಕೆ ಅಂಟಿಕೊಂಡ ಹಾಗೆ ಉರುಳುತ್ತೇನೆ ಎಂದು ತಂಡದವರು ಗೋಲಿ ಎಂದು ಹೆಸರಿಟ್ಟಿದ್ದಾರೆ, ಈಗ ಮನೆಯಲ್ಲೂ ಅದೇ ಹೆಸರು. ಮಹಿಳೆಯರ ವೃತ್ತಿಪರ ಲೀಗಿನಲ್ಲಿ ಎರಡು ದರ್ಜೆ. ಮೊದಲ ದರ್ಜೆಯವರು ಟೀವಿಯಲ್ಲಿ ಬರುತ್ತಾರೆ. ಅವರು ಬೆವರಿದರೆ ಟವೆಲ್ ಹಿಡಿದು ಓಡಿ ಬರಲು ಬೇರೆ ಜನ. ನಾವು ಎರಡನೇ ದರ್ಜೆ. ಸಂಬಳ ಕೊಡುತ್ತಾರೆ, ಆದ್ದರಿಂದ ವೃತ್ತಿಪರರು ಹೌದು. ಆದರೆ ಆ ಸಂಬಳ ನಂಬಿಕೊಂಡು ಯಾರೂ ಇದ್ದ ಕೆಲಸ ಬಿಟ್ಟಿರಲಿಲ್ಲ. ನಾನು ಹಗಲು ಚಪ್ಪಲಿ ಅಂಗಡಿಯಲ್ಲಿ ಬೇರೆಯವರ ಪಾದ ಅಳೆಯುತ್ತಿದ್ದೆ. ನಮ್ಮ ತಂಡದ ಅತಿ ಎತ್ತರದ ಹುಡುಗಿಗೆ ಟವರ್ ಎಂದು ಹೆಸರು. ಅವಳು ಲೈಟು-ಫ್ಯಾನು ಅಂಗಡಿಯಲ್ಲಿದ್ದಳು, ಬಲ್ಬು ಹಾಕಲು ಆ ಅಂಗಡಿಯವರು ಏಣಿ ಇಟ್ಟುಕೊಂಡೇ ಇರಲಿಲ್ಲ. ನಮ್ಮ ಕೋಚ್ ಹಗಲೆಲ್ಲ ಕಾರು ಓಡಿಸುವುದನ್ನು ಕಲಿಸುವ ಮೇಡಂ. ಸಂಜೆ ನಮ್ಮ ಮೇಲೂ ಅದೇ ಬಾಯಿ: "ಬ್ರೇಕು! ಬ್ರೇಕು ಹಾಕು! ಹಿಂದೆ ನೋಡ್ಕೊಂಡು ತಿರುಗು!"

ನಮ್ಮನ್ನು ಸಾಕುತ್ತಿದ್ದದ್ದು ಒಂದು ಹಾಸಿಗೆ ಕಂಪನಿ. ಜೆರ್ಸಿಯ ಬೆನ್ನಿನ ಮೇಲೆ ಅವರ ಜಾಹೀರಾತಿನ ಸಾಲು ದಪ್ಪ ಅಕ್ಷರಗಳಲ್ಲಿತ್ತು: "ಒಮ್ಮೆ ಬಿದ್ದರೆ ಏಳಲು ಮನಸ್ಸಾಗದು." ಆಟದ ಮಧ್ಯೆ ಯಾರಾದರೂ ಜಾರಿ ಬಿದ್ದರೆ ಗ್ಯಾಲರಿಯಲ್ಲಿ ಕೂತವರೆಲ್ಲ ಒಟ್ಟಿಗೆ ಆ ಸಾಲು ಓದುತ್ತಿದ್ದರು. ಗ್ಯಾಲರಿ ಎಂದರೆ ಮರದ ನಾಲ್ಕು ಮೆಟ್ಟಿಲು. ಕೂತವರೆಂದರೆ ನಮ್ಮ ಅಮ್ಮಂದಿರು, ಒಬ್ಬಳ ಗಂಡ, ಮತ್ತು ನಮ್ಮ ಆಟ ಮುಗಿದ ಮೇಲೆ ಅದೇ ಹಾಲಿನಲ್ಲಿ ಬ್ಯಾಡ್ಮಿಂಟನ್ ಆಡಲು ಕಾಯುತ್ತಿದ್ದವರು.

ಚಿಕ್ಕಮ್ಮನಿಗೆ ಈ ಆಟದ ಗಂಧಗಾಳಿ ಇರಲಿಲ್ಲ. ಸೀಸನ್ನಿನ ಶುರುವಿನಲ್ಲಿ ಒಂದು ದಿನ ನಾನು ಶೂ ಮನೆಯಲ್ಲೇ ಮರೆತು ಹೋಗಿದ್ದೆ, ತಂದುಕೊಡಲು ಬಂದಳು. ಬಂದವಳು ಕಾಲು ನೋವು ಎಂದು ಮೊದಲನೇ ಮೆಟ್ಟಿಲ ಮೇಲೆ ಕೂತಳು. ಆಗ ಎದುರು ತಂಡದ ಹುಡುಗಿಯೊಬ್ಬಳು ಫ್ರೀ ಥ್ರೋ ಹಾಕಲು ನಿಂತಿದ್ದಳು. ಫ್ರೀ ಥ್ರೋ ಎಂದರೆ, ಯಾರಾದರೂ ತಪ್ಪಾಗಿ ತಳ್ಳಿದರೆ ಸಿಗುವ ಪರಿಹಾರ. ಯಾರೂ ಅಡ್ಡ ಬರುವ ಹಾಗಿಲ್ಲ, ಗೆರೆಯ ಹಿಂದೆ ನಿಂತು ಆರಾಮಾಗಿ ಚೆಂಡನ್ನು ಬುಟ್ಟಿಗೆ ಹಾಕಬೇಕು. ಆ ಹುಡುಗಿ ಆರಾಮಾಗಿ ಚೆಂಡು ಕುಟ್ಟಿದಳು. ಮತ್ತೆ ಕುಟ್ಟಿದಳು. ಉಸಿರೆಳೆದುಕೊಂಡಳು.

ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. ಅವಳ ವೃತ್ತಿಯಲ್ಲಿ ಹೀಗೆ ಯೋಚಿಸುತ್ತ ನಿಲ್ಲುವ ಗಿರಾಕಿಗೆ ಒಂದೇ ಮದ್ದು.

"ಒಂದು ಸಾರಿ!" ಎಂದಳು. ಹಾಲಿನ ಗಾಜುಗಳು ಝಣ್ ಎಂದವು. "ಎರಡು ಸಾರಿ! ಮೂ...ರು ಸಾರಿ!"

ಚೆಂಡು ಬುಟ್ಟಿಯ ಹತ್ತಿರಕ್ಕೂ ಹೋಗಲಿಲ್ಲ. ಬ್ಯಾಡ್ಮಿಂಟನ್‌ನವರ ಚೀಲದ ಮೇಲೆ ಬಿತ್ತು. ಎರಡನೆಯದನ್ನು ಆ ಹುಡುಗಿ ಚಿಕ್ಕಮ್ಮನ ಕಡೆ ನೋಡುತ್ತಲೇ ಎಸೆದಳು. ಅದೂ ಹೋಯಿತು. ಆ ಪಂದ್ಯ ನಾವು ಗೆದ್ದೆವು. ಕೋಚ್ ಮೇಡಂ ಓಡಿಹೋಗಿ ಚಿಕ್ಕಮ್ಮನ ಎರಡೂ ಕೈ ಹಿಡಿದುಕೊಂಡರು. "ಅಕ್ಕಾ, ಮುಂದಿನ ವಾರ ಬಿಡುವಿದೆಯಾ?"

ಅಂದಿನಿಂದ ಚಿಕ್ಕಮ್ಮ ನಮ್ಮ ತಂಡದವಳಾದಳು. ನಾವು ಎಷ್ಟು ಕೆಟ್ಟದಾಗಿ ಆಡಿದರೂ ಎದುರಾಳಿಗಳು ಫ್ರೀ ಥ್ರೋದಲ್ಲಿ ಕೈ ಸುಟ್ಟುಕೊಳ್ಳುತ್ತಿದ್ದರು, ನಾವು ಒಂದೆರಡು ಪಾಯಿಂಟಿನಲ್ಲಿ ಬಚಾವಾಗುತ್ತಿದ್ದೆವು. ಸೋತವರು ದೂರು ಕೊಟ್ಟರು. ಒಂದು ಪಂದ್ಯದ ನಡುವೆ ರೆಫರಿ, ನಿಯಮ ಬಿಟ್ಟು ಉಸಿರೂ ಆಡದ ಮನುಷ್ಯ, ಚಿಕ್ಕಮ್ಮನ ಮುಂದೆ ಬಂದು ನಿಂತ.

"ಹಾಲಿನೊಳಗೆ ಪೀಪಿ, ಡೋಲು, ಧ್ವನಿವರ್ಧಕ ತರೋ ಹಾಗಿಲ್ಲ ಅಮ್ಮಾ."

"ನಾನೇನು ತಂದಿದ್ದೀನಪ್ಪಾ? ಈ ಚೀಲ ನೋಡು. ಕರವಸ್ತ್ರ, ಬೀಗದ ಕೈ, ಒಂದು ಸೇಬು."

"ದನಿ..."

"ಅದು ಹುಟ್ಟಿದಾಗಿಂದ ಜೊತೆಗೇ ಇದೆ. ಎಲ್ಲಿ ಬಿಚ್ಚಿಟ್ಟು ಬರ್ಲಿ?"

ರೆಫರಿ ಮೂಗಿನ ತುದಿ ಕೆರೆದುಕೊಂಡು ಯೋಚಿಸಿದ. ನಿಯಮಗಳಲ್ಲಿ ಮನುಷ್ಯರ ಬಾಯಿಯ ಬಗ್ಗೆ ಏನೂ ಇರಲಿಲ್ಲ. ವಾಪಸು ಹೋಗಿ ಸೀಟಿ ಊದಿದ. ಚಿಕ್ಕಮ್ಮನ ಪಕ್ಕದಲ್ಲಿ ಆ ಸೀಟಿ ಗುಬ್ಬಿಮರಿಯ ಹಾಗೆ ಕೇಳಿಸಿತು.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ನೀರಿನ ಟ್ಯಾಂಕ್ ಕಂಪನಿಯ ತಂಡದ ಜೊತೆ ಪಂದ್ಯ ಬಂತು. ಅವರು ಬೇರೆ ಊರಿನವರು, ಅವರ ಹಾಲಿನಲ್ಲೇ ಆಟ. ಚಿಕ್ಕಮ್ಮ ನಮ್ಮ ಜೊತೆ ಬಸ್ಸಿನಲ್ಲಿ ಬಂದಳು. ಆ ತಂಡಕ್ಕೆ ಒಂದು ನೀರಾನೆ ಇತ್ತು. ನಿಜವಾದದ್ದಲ್ಲ, ಸ್ಪಂಜು ತುಂಬಿದ ಬೂದು ಬಣ್ಣದ ವೇಷ. ಒಳಗೆ ಒಬ್ಬ ಮನುಷ್ಯ. ತಮ್ಮವರು ಬುಟ್ಟಿ ಹಾಕಿದಾಗಲೆಲ್ಲ ಕುಣಿಯುವುದು, ಎದುರು ತಂಡದ ಬೆಂಬಲಿಗರನ್ನು ರೇಗಿಸುವುದು ಅದರ ಕೆಲಸ. ನಮ್ಮ ಬೆಂಬಲಿಗರೆಂದು ಅಲ್ಲಿದ್ದದ್ದು ಚಿಕ್ಕಮ್ಮ ಒಬ್ಬಳೇ. ಆದ್ದರಿಂದ ನೀರಾನೆ ನೆಟ್ಟಗೆ ಅವಳ ಹತ್ತಿರವೇ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿತು. ಅವಳ ಚೀಲದೊಳಗೆ ಮೂತಿ ತೂರಿಸಿತು. ಅವಳ ತೊಡೆಯ ಮೇಲೆ ತನ್ನ ಪುಟ್ಟ ಬಾಲ ಇಟ್ಟಿತು.

"ಏಯ್! ಎದ್ದೇಳೋ, ಕೊಬ್ಬಿದವನೇ!"

ಆ ಕೂಗಿಗೆ ಅಂಕಣದಲ್ಲಿ ಓಡುತ್ತಿದ್ದವರೆಲ್ಲ ನಿಂತುಬಿಟ್ಟರು. ನೀರಾನೆ ತನ್ನ ಪುಟಾಣಿ ಕಿವಿಗಳನ್ನು ಎರಡು ಕೈಯಿಂದ ಮುಚ್ಚಿಕೊಂಡು ನೆಲದ ಮೇಲೆ ಹೊರಳಾಡಿತು. ಜನ ಬಿದ್ದು ಬಿದ್ದು ನಕ್ಕರು. ಚಿಕ್ಕಮ್ಮ ಮುಖ ಊದಿಸಿಕೊಂಡು ಕೂತಳು. ನಕ್ಕವರಲ್ಲಿ ನಾನೂ ಇದ್ದೆ, ಆಮೇಲೆ ಬಸ್ಸಿನಲ್ಲಿ ಅದಕ್ಕೂ ಬೈಸಿಕೊಂಡೆ.

ಆಟದ ದ್ವಿತೀಯಾರ್ಧದಲ್ಲಿ ನೀರಾನೆ ಕುಣಿಯುತ್ತ ಕುಣಿಯುತ್ತ ಒಮ್ಮೆ ತೂರಾಡಿ, ಗೋಡೆಗೆ ಒರಗಿ, ಮೆಲ್ಲಗೆ ಕುಸಿಯಿತು. ಇದೂ ಆಟವೇ ಎಂದುಕೊಂಡು ಎಲ್ಲರೂ ಚಪ್ಪಾಳೆ ಹೊಡೆದರು. ಚಿಕ್ಕಮ್ಮ ಮಾತ್ರ ಎದ್ದಳು. "ಅಯ್ಯೋ, ನಾಟಕ ಅಲ್ಲ ಕಣ್ರೋ ಅದು!" ಎನ್ನುತ್ತ ನಡೆದೇ ಹೋಗಿ, ಕುಂಬಳಕಾಯಿ ಕೀಳುವ ಹಾಗೆ ನೀರಾನೆಯ ತಲೆಯನ್ನು ಒಂದು ತಿರುವು ತಿರುವಿ ಕಿತ್ತಳು.

ಒಳಗೆ ಒಬ್ಬ ತೆಳ್ಳನೆಯ ಮನುಷ್ಯ. ಅವಳದೇ ವಯಸ್ಸು. ಕನ್ನಡಕದ ತುಂಬ ಹಬೆ, ಮೀಸೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ತುಟಿ ಅಲ್ಲಾಡಿತು.

"ಏನು?" ಎಂದಳು ಚಿಕ್ಕಮ್ಮ.

ಮತ್ತೆ ತುಟಿ ಅಲ್ಲಾಡಿತು. ಅವಳು ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ಯಬೇಕಾಯಿತು.

"ಕ್ಷಮಿಸಿ," ಎಂದಿತು ಆ ದನಿ, ಪುಟ ಮಗುಚಿದಷ್ಟು ಸಣ್ಣಗೆ. "ನಿಮಗೆ ತೊಂದರೆ ಆಯ್ತು."

ಅವಳು ನೀರು ಕುಡಿಸಿದಳು. ಕುರ್ಚಿಯ ಮೆತ್ತೆಯಿಂದ ಗಾಳಿ ಹಾಕಿದಳು. ಬುದ್ಧಿ ಹೇಳಿದಳು: ಈ ವಯಸ್ಸಿನಲ್ಲಿ ಹೀಗೆ ಕಂಬಳಿ ಸುತ್ತಿಕೊಂಡು ಕುಣಿಯುತ್ತಾರೇನ್ರೀ ಯಾರಾದರೂ? ಆ ಬುದ್ಧಿಮಾತು ಹಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಕೇಳಿಸಿತು. ನೀರಾನೆಯವರು ಕನ್ನಡಕ ಒರೆಸಿಕೊಂಡು ಅವಳನ್ನೇ ನೋಡಿದರು.

"ನಿಮ್ಮ ದನಿ ತುಂಬಾ ಚೆನ್ನಾಗಿದೆ," ಎಂದರು.

ಚಿಕ್ಕಮ್ಮನಿಗೆ ಹುಟ್ಟಿದ ಲಾಗಾಯ್ತಿನಿಂದ ಯಾರೂ ಹೀಗೆ ಹೇಳಿರಲಿಲ್ಲ. ಗಾಳಿ ಹಾಕುತ್ತಿದ್ದ ಮೆತ್ತೆ ಅವಳ ಕೈಯಲ್ಲೇ ನಿಂತಿತು.

ಆ ಪಂದ್ಯ ನಾವು ಸೋತೆವು. ಯಾಕೆಂದರೆ ಕೊನೆಯವರೆಗೂ ಚಿಕ್ಕಮ್ಮ ನೀರಾನೆಯ ದೇಹದ ಪಕ್ಕದಲ್ಲಿ, ಅದರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಮಾತಾಡುತ್ತ ಕೂತಿದ್ದಳು. ಅವರು ಲೈಬ್ರರಿಯಲ್ಲಿ ಕೆಲಸ ಮಾಡುವವರಂತೆ. ಅರ್ಧ ಆಯಸ್ಸು "ಶ್ಶ್" ಎನ್ನುತ್ತಲೇ ಕಳೆದಿದ್ದಾರಂತೆ. "ಅಲ್ಲಿ ಕುಣಿಯೋ ಹಾಗಿಲ್ಲವಲ್ಲ," ಎಂದಿದ್ದರಂತೆ, "ಎಲ್ಲಾ ಒಳಗೇ ಉಳಿದುಬಿಟ್ಟಿತ್ತು."

ಮುಂದಿನ ರಜಾದಿನ ಚಿಕ್ಕಮ್ಮ ತಲೆ ನೀಟಾಗಿ ಬಾಚಿಕೊಂಡು ಬಸ್ಸು ಹತ್ತಿ ಆ ಲೈಬ್ರರಿಗೆ ಹೋದಳು. ಜೀವಮಾನದಲ್ಲಿ ಮೊದಲ ಸಲ. ಬಾಗಿಲಲ್ಲಿ ನಿಂತು, ತನ್ನ ಲೆಕ್ಕದಲ್ಲಿ ಮೆಲ್ಲಗೆ, "ಚೆನ್ನಾಗಿದ್ದೀರಾ?" ಎಂದಳು. ಓದುತ್ತ ಕೂತಿದ್ದವರು ಎದ್ದು ನಿಂತರು. ತೂಕಡಿಸುತ್ತಿದ್ದ ಮುದುಕರೊಬ್ಬರು ಗಾಬರಿಯಲ್ಲಿ "ಚೆನ್ನಾಗಿದ್ದೀನಿ!" ಎಂದು ಕೂಗಿ ಉತ್ತರ ಕೊಟ್ಟರು. ಲೈಬ್ರರಿಯವರು ಸಿಟ್ಟು ಮಾಡಲಿಲ್ಲ, ನಕ್ಕರು. ಆದರೆ ಸುತ್ತ ನೋಡಿ ಅವರ ಕಿವಿ ಕೆಂಪಾದದ್ದು ಚಿಕ್ಕಮ್ಮನ ಕಣ್ಣಿಗೆ ಬಿತ್ತು.

ಅಂದು ಸಂಜೆ ಅವಳು ಮನೆಗೆ ಬಂದಾಗ ನಾನು, ಅಮ್ಮ ಅಡುಗೆಮನೆಯಲ್ಲಿದ್ದೆವು. ಚಿಕ್ಕಮ್ಮ ಬಂದು ಕೂತಳು. ಬಾಯಿ ಅಲ್ಲಾಡಿಸಿದಳು. ಏನೂ ಕೇಳಿಸಲಿಲ್ಲ.

"ಏನೇ?" ಎಂದಳು ಅಮ್ಮ.

"ಸ್ವಲ್ಪ ಟೀ ಕೊಡ್ತೀಯಾ ಅಕ್ಕ, ಅಂದೆ," ಎಂದು ಪಿಸುಗುಟ್ಟಿದಳು ಚಿಕ್ಕಮ್ಮ.

ಅಮ್ಮನ ಕೈಯಿಂದ ಲೋಟ ಬಿತ್ತು. "ಅಯ್ಯಯ್ಯೋ! ಇವಳಿಗೆ ಗಂಟಲು ಹೋಯ್ತು! ಗೋಲೀ, ಕೋಟು ತಗೊಳ್ಳೇ!"

ಎಷ್ಟು ಬೇಡವೆಂದರೂ ಕೇಳದೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಬಾಯಿ ತೆಗೆಸಿದರು, ಟಾರ್ಚು ಬಿಟ್ಟು ನೋಡಿದರು, "ಆ ಅನ್ನಿ" ಎಂದರು. ಚಿಕ್ಕಮ್ಮ ಮೆಲ್ಲಗೆ, ನಾಜೂಕಾಗಿ "ಆ" ಎಂದಳು.

"ಗಂಟಲಲ್ಲಿ ಏನೂ ತೊಂದರೆ ಇಲ್ಲ," ಎಂದರು ಡಾಕ್ಟರು. "ತುಂಬಾ ಗಟ್ಟಿ ಗಂಟಲು. ನಾನು ಇಂಥದ್ದು ನೋಡೇ ಇಲ್ಲ."

"ಹಾಗಾದರೆ ತಲೆಗೇನಾದರೂ...?" ಎಂದಳು ಅಮ್ಮ.

ವಾಪಸು ಬರುವಾಗ ಬಸ್ಸಿನಲ್ಲಿ ಚಿಕ್ಕಮ್ಮ ನನ್ನ ಕಿವಿಯಲ್ಲಿ ಗುಟ್ಟು ಬಿಟ್ಟಳು. "ಅವರು ಸಣ್ಣ ದನಿಯವರು ಕಣೇ. ನಾನು ಹೀಗೆ ಅರಚಿದರೆ ಅವರಿಗೆ ನಾಚಿಕೆ ಆಗಲ್ವಾ? ಕಲಿತುಕೊಳ್ತಿದ್ದೀನಿ."

ಈ ಕಲಿಕೆಯಿಂದ ಮಂಡಿ ಅಲ್ಲೋಲಕಲ್ಲೋಲವಾಯಿತು. ಅವಳು ಮೂಟೆಯ ಮೇಲೆ ನಿಂತು ಪಿಸುಗುಟ್ಟುತ್ತಿದ್ದಳು. ವ್ಯಾಪಾರಿಗಳು ಕಿವಿಗೆ ಕೈ ಅಡ್ಡ ಇಟ್ಟುಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಕೇಳಿಸದಿದ್ದಕ್ಕೆಲ್ಲ ಹೂಂ ಎಂದು ತಲೆಯಾಡಿಸುವ ಅಭ್ಯಾಸವಿದ್ದ ಒಬ್ಬ ಹೋಟೆಲಿನವನು ಒಂದು ಚೀಲ ಕ್ಯಾರೆಟ್ಟಿಗೆಂದು ಬಂದು ಒಂದು ಲಾರಿ ಎಲೆಕೋಸು ಹೊಡೆಸಿಕೊಂಡು ಹೋದ. ಅವನ ಹೋಟೆಲಿನಲ್ಲಿ ವಾರಗಟ್ಟಲೆ ಎಲೆಕೋಸು ಬಿಟ್ಟು ಬೇರೇನೂ ಸಿಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಹೊಡೆತ ಬಿದ್ದದ್ದು ನಮಗೆ. ಗ್ಯಾಲರಿಯಲ್ಲಿ ಚಿಕ್ಕಮ್ಮ ತುಟಿಪಿಟಕ್ಕೆನ್ನದೆ, ಮಡಿಲಲ್ಲಿ ಕೈ ಇಟ್ಟುಕೊಂಡು, ಫೋಟೋಕ್ಕೆ ಕೂತವಳ ಹಾಗೆ ಕೂರುತ್ತಿದ್ದಳು. ಎದುರಾಳಿಗಳ ಫ್ರೀ ಥ್ರೋಗಳು ಒಂದಾದ ಮೇಲೊಂದು ಬುಟ್ಟಿಗೆ ಬೀಳತೊಡಗಿದವು. ಇಷ್ಟು ದಿನ ಗೆದ್ದದ್ದು ನಮ್ಮ ಆಟದಿಂದಲ್ಲ ಎಂಬುದು ಆಗ ನಮಗೆ ಅರ್ಥವಾಯಿತು. ಹೇಗೋ ಬಿದ್ದು ಎದ್ದು ಸೀಸನ್ನಿನ ಕೊನೆಯ ಪಂದ್ಯದವರೆಗೆ ಬಂದೆವು. ಗೆದ್ದವರು ಮೊದಲ ದರ್ಜೆಗೆ ಏರುತ್ತಾರೆ. ಎದುರಾಳಿ, ಅದೇ ಟ್ಯಾಂಕ್ ತಂಡ. ಈ ಸಲ ನಮ್ಮ ಹಾಲಿನಲ್ಲಿ.

ಪಂದ್ಯದ ದಿನ ಬಟ್ಟೆ ಬದಲಿಸುವ ಕೋಣೆಗೆ ಕೋಚ್ ಮೇಡಂ ಚಿಕ್ಕಮ್ಮನನ್ನು ಕರೆದುಕೊಂಡು ಬಂದು ಬೆಂಚಿನ ಮೇಲೆ ಕೂರಿಸಿದರು. ನಾವೆಲ್ಲ ಸುತ್ತ ನಿಂತೆವು.

"ಇವತ್ತು ಒಂದು ದಿನ ಕೂಗಿಬಿಡಿ ಅಕ್ಕಾ," ಎಂದರು ಮೇಡಂ.

"ಆಗಲ್ಲಮ್ಮಾ," ಚಿಕ್ಕಮ್ಮ ಪಿಸುಗುಟ್ಟಿದಳು. "ಅವರ ತಂಡದ ಮೇಲೇ ಕೂಗು ಅಂತೀರಲ್ಲ. ಮನಸ್ಸಿಗೆ ಎಷ್ಟು ನೋವಾಗುತ್ತೆ."

"ಅವರು ನೀರಾನೆ ಅಕ್ಕಾ! ಆಡೋದು ಬೇರೆಯವರು!"

ಆಗ ಟವರ್ ನೆಲಕ್ಕೆ ಕೂತು, ತಲೆಯನ್ನು ಚಿಕ್ಕಮ್ಮನ ಮಂಡಿಯ ಮೇಲಿಟ್ಟು ಅಳಲು ಶುರುಮಾಡಿದಳು. ಕೂತರೂ ಅವಳು ನನ್ನಷ್ಟೇ ಎತ್ತರ. "ಚಿಕ್ಕಮ್ಮಾ, ಮೊದಲ ದರ್ಜೆಗೆ ಹೋದರೆ ನನ್ನ ಅಳತೆಯ ಹಾಸಿಗೆ ಮಾಡಿಸಿಕೊಡ್ತೀವಿ ಅಂದಿದ್ದಾರೆ ಕಂಪನಿಯವರು. ಹುಟ್ಟಿದಾಗಿಂದ ಮುದುಡಿಕೊಂಡೇ ಮಲಗ್ತಿದ್ದೀನಿ."

ಚಿಕ್ಕಮ್ಮ ಟವರ್ ತಲೆ ಸವರಿದಳು. ಅವಳು ಕಣ್ಣೊರೆಸಿಕೊಂಡಳು. "ಅಳಬೇಡ್ವೇ ಪುಟ್ಟೀ. ಆಯ್ತು. ಕೂಗ್ತೀನಿ. ಅವರಿಗೆ ಆಮೇಲೆ ಹೇಗೋ ಸಮಾಧಾನ ಮಾಡ್ತೀನಿ."

ನಾವು ಕುಣಿದಾಡಿದೆವು. ನಾನು ನೀರಿನ ಬಾಟಲಿ ತುಂಬಿಸಿಕೊಂಡು ಬರಲು ಹೊರಗೆ ಬಂದೆ. ಬಾಗಿಲ ಹತ್ತಿರ ನೀರಾನೆಯ ತಲೆಯನ್ನು ಕಂಕುಳಲ್ಲಿ ಹಿಡಿದುಕೊಂಡು ಲೈಬ್ರರಿಯವರು ನಿಂತಿದ್ದರು.

"ಗೋಲಿಯಮ್ಮಾ! ಚಿಕ್ಕಮ್ಮ ಎಲ್ಲಿದ್ದಾರೆ?" ಎಂದರು.

ನಾನು ಹಾರಿಬಿದ್ದೆ. ಅವರ ದನಿ ಒಡೆದ ತಗಡಿನ ಹಾಗೆ, ಕಾರಿಡಾರಿನ ಆ ತುದಿಗೆ ಹೋಗಿ ಬಡಿದು ವಾಪಸು ಬಂತು.

"ಏನಾಯ್ತು ನಿಮ್ಮ ಗಂಟಲಿಗೆ?"

"ಕೂಗಿ ಕೂಗಿ ಹೀಗಾಗಿದೆ," ಎಂದರು, ಸ್ವಲ್ಪ ಹೆಮ್ಮೆಯಿಂದಲೇ. "ನಿಮ್ಮ ಚಿಕ್ಕಮ್ಮನ ಕೂಗಿಗೆ ನಮ್ಮ ಹುಡುಗೀರು ಹೆದರಬಾರದು ಅಂತ ನಮ್ಮ ಕೋಚ್ ದಿನಾ ಸಂಜೆ ನನ್ನ ಕೈಲಿ ಒಂದು ಸಾರಿ, ಎರಡು ಸಾರಿ ಅಂತ ಕೂಗಿಸ್ತಾರೆ. ಅವರು ಅದಕ್ಕೇ ಚೆಂಡು ಹಾಕಿ ಹಾಕಿ ಅಭ್ಯಾಸ ಮಾಡ್ಕೊಂಡಿದ್ದಾರೆ. ಈಗ 'ಮೂರು ಸಾರಿ' ಅಂದ ತಕ್ಷಣ ಕೈ ತಾನಾಗೇ ಎದ್ದು ಹಾಕಿಬಿಡುತ್ತೆ. ಒಂದೂ ತಪ್ಪಲ್ಲ." ಆಮೇಲೆ ನಾಚಿಕೊಂಡು, "ನನಗೂ ಕಲಿಯೋಕೆ ಆಸೆ ಇತ್ತು ಅನ್ನಿ. ಅವರಷ್ಟು ಗಟ್ಟಿಯಾಗಿ ಮಾತಾಡೋಕೆ ಬಂದರೆ ಅವರಿಗೂ ಖುಷಿಯಾಗಬಹುದು ಅಂತ."

ಬಾಟಲಿ ಅಲ್ಲೇ ಬಿಟ್ಟು ನಾನು ಒಳಗೆ ಓಡಿದೆ. ಕೋಚ್ ಮೇಡಂಗೆ ವಿಷಯ ಹೇಳಿದೆ. ಅವರು ತಕ್ಷಣ ಗೇರು ಬದಲಾಯಿಸಿದರು.

"ಅಕ್ಕಾ! ಕೂಗಬೇಡಿ! ದಮ್ಮಯ್ಯ, ಕೆಮ್ಮಲೂಬೇಡಿ!"

ಚಿಕ್ಕಮ್ಮನಿಗೆ ರೇಗಿತು. ಬಹಳ ದಿನಗಳ ಮೇಲೆ ಅವಳ ನಿಜವಾದ ದನಿಯ ಒಂದು ಚೂರು ಹೊರಗೆ ಬಂತು. "ಕೂಗು ಅಂತೀರಿ, ಕೂಗಬೇಡ ಅಂತೀರಿ. ನಾನೇನು ರೇಡಿಯೋನಾ?" ಎಂದು ಎದ್ದವಳು ಮಫ್ಲರನ್ನು ಬಾಯಿಗೆ ಸುತ್ತಿಕೊಂಡು ಗ್ಯಾಲರಿಗೆ ಹೋಗಿ ಕೂತಳು.

ಆಟ ಶುರುವಾಯಿತು. ಟ್ಯಾಂಕ್ ತಂಡದಲ್ಲಿ ಗಡಿಯಾರ ಎಂಬ ಅಡ್ಡಹೆಸರಿನ ಒಬ್ಬಳಿದ್ದಳು. ಅವಳ ಫ್ರೀ ಥ್ರೋ ಗಂಟೆ ಹೊಡೆದಷ್ಟು ಖಂಡಿತ ಎಂದು ಆ ಹೆಸರು. ಮೊದಲ ಸಲ ಅವಳು ಗೆರೆಯ ಮೇಲೆ ನಿಂತಾಗ ನಮ್ಮ ಜೀವ ಬಾಯಿಗೆ ಬಂದಿತ್ತು. ಅವಳು ಚೆಂಡು ಕುಟ್ಟಿದಳು. ನಿಂತಳು. ಕಿವಿ ನಿಮಿರಿಸಿ ಕಾದಳು. ಯಾವ ಕೂಗೂ ಬರಲಿಲ್ಲ. ಅವಳು ಮೆಲ್ಲಗೆ ತಲೆ ತಿರುಗಿಸಿ ಚಿಕ್ಕಮ್ಮನ ಕಡೆ ನೋಡಿದಳು. ಚಿಕ್ಕಮ್ಮ ಮಫ್ಲರಿನ ಮೇಲಿಂದ ಕಣ್ಣು ಪಿಳಿಪಿಳಿ ಬಿಟ್ಟಳು.

ಪೀಪ್ ಎಂದಿತು ಸೀಟಿ. "ಐದು ಸೆಕೆಂಡು ಆಯ್ತು!" ಎಂದ ಅದೇ ರೆಫರಿ. ಚೆಂಡು ಕೈಗೆ ಬಂದ ಮೇಲೆ ಐದು ಸೆಕೆಂಡಿನೊಳಗೆ ಹಾಕದಿದ್ದರೆ ಆ ಅವಕಾಶ ಹೋದಂತೆ. ಬಾಯಿಯ ಬಗ್ಗೆ ಇಲ್ಲದ ನಿಯಮ ಕೈಯ ಬಗ್ಗೆ ಇತ್ತು.

ಹೀಗೆಯೇ ಆಯಿತು ಪಂದ್ಯದುದ್ದಕ್ಕೂ. ಟ್ಯಾಂಕ್ ತಂಡದವರು ಒಬ್ಬೊಬ್ಬರಾಗಿ ಗೆರೆಯ ಮೇಲೆ ಬಂದು, ಬಾರದ ಬಸ್ಸಿಗೆ ಕಾಯುವವರ ಹಾಗೆ ನಿಲ್ಲುತ್ತಿದ್ದರು. ಕೆಲವರು ತಾವೇ ಬಾಯಲ್ಲಿ "ಒಂದು ಸಾರಿ, ಎರಡು ಸಾರಿ" ಎಂದು ಗೊಣಗಿ ನೋಡಿದರು, ಲೆಕ್ಕ ತಪ್ಪಿತು. ಅವರ ಕೋಚು ತಲೆಯ ಮೇಲೆ ಕೈ ಹೊತ್ತು ಕೂತ. ಆದರೂ ಫ್ರೀ ಥ್ರೋ ಬಿಟ್ಟು ಉಳಿದ ಆಟದಲ್ಲಿ ಅವರು ನಮಗಿಂತ ಚೆನ್ನಾಗಿದ್ದದ್ದರಿಂದ ಅಂತರ ಬೆಳೆಯಲೇ ಇಲ್ಲ. ಕೊನೆಗೆ ಇನ್ನೇನು ಮುಗಿಯಬೇಕು, ನಾವು ಒಂದೇ ಒಂದು ಪಾಯಿಂಟು ಮುಂದಿದ್ದೇವೆ, ಆಗ ನಾನು ಅವಸರಕ್ಕೆ ಬಿದ್ದು ಗಡಿಯಾರಳ ಕೈಗೆ ಹೊಡೆದುಬಿಟ್ಟೆ. ಅವಳಿಗೆ ಎರಡು ಫ್ರೀ ಥ್ರೋ.

"ಗೋಲೀ! ಬ್ರೇಕು ಹಾಕು ಅಂತ ಎಷ್ಟು ಸಲ ಬಡ್ಕೋಬೇಕೇ!" ಎಂದು ಕೋಚ್ ಮೇಡಂ ನೆಲಕ್ಕೆ ಕಾಲು ಅಪ್ಪಳಿಸಿದರು.

ಮೊದಲನೆಯದಕ್ಕೆ ಗಡಿಯಾರ ಮತ್ತೆ ಕಾದು ನಿಂತಳು. ಪೀಪ್. ಹೋಯಿತು. ಅವಳ ಕಣ್ಣಲ್ಲಿ ನೀರು ತುಂಬಿತು. ಆಗ ಅವರ ಕೋಚು ಎದ್ದು ನೀರಾನೆಯ ಕಡೆ ಕೈ ತೋರಿಸಿ, "ನೀನಾದರೂ ಕೂಗಯ್ಯಾ!" ಎಂದ.

ನೀರಾನೆ ಚಿಕ್ಕಮ್ಮನ ಕಡೆ ನೋಡಿತು. ಗಡಿಯಾರಳ ಕಡೆ ನೋಡಿತು. ಪಾಪ, ಆ ಹುಡುಗಿ ಅದರ ಕಡೆಗೇ ನೋಡುತ್ತಿದ್ದಳು. ನೀರಾನೆ ಎದೆಯುಬ್ಬಿಸಿ ನಿಂತಿತು. ಸ್ಪಂಜಿನ ಒಳಗಿಂದ ಆ ತಗಡಿನ ದನಿ ಹೊರಟಿತು: "ಒಂದ್ ಸಾರಿ! ಎರಡ್ ಸಾರಿ! ಮೂರ್..."

ಅಷ್ಟೇ. ಚಿಕ್ಕಮ್ಮನ ಮಫ್ಲರು ಹಾರಿ ಹಿಂದಿನ ಸಾಲಿಗೆ ಬಿತ್ತು. ಅವಳು ಮೆಟ್ಟಿಲ ಮೇಲೆ ಎದ್ದು ನಿಂತಿದ್ದಳು. ಪ್ರೀತಿ, ಗೌರವ, ನಾಜೂಕು ಎಲ್ಲ ಇರಲಿ, ತನ್ನ ಕಸುಬನ್ನು ಕಣ್ಣೆದುರಿಗೇ ಹೀಗೆ ಕೆಡಿಸುವುದನ್ನು ಅವಳಿಂದ ನೋಡಲಾಗಲಿಲ್ಲ.

"ಹಾಗಲ್ಲ ರೀ!" ಎಂದಳು. ಗಾಜುಗಳು ಝಣ್ ಎಂದವು. "ಏನದು ಗಡಿಬಿಡಿ, ರೈಲು ಹಿಡಿಯೋರ ಹಾಗೆ! ಮೂರನ್ನ ಎಳೀಬೇಕು! ಮೂ............ರು ಸಾರಿ!"

ಗಡಿಯಾರಳ ಕೈ ನೀರಾನೆಯ ಗಿಡ್ಡ 'ಮೂರಿಗೆ' ಎದ್ದಿತ್ತು, ಚಿಕ್ಕಮ್ಮನ ಉದ್ದ 'ಮೂರಿಗೆ' ಮಧ್ಯದಲ್ಲೇ ತಡವರಿಸಿತು. ಚೆಂಡು ಅರೆಮನಸ್ಸಿನಲ್ಲಿ ಹೊರಟು, ಬುಟ್ಟಿಯ ಅಂಚಿಗೆ ಬಡಿದು, ಮೇಲಕ್ಕೆ ಚಿಮ್ಮಿತು. ತಪ್ಪಿತು! ಇನ್ನು ಟವರ್ ಕೈ ಚಾಚಿ ಚೆಂಡು ಹಿಡಿದುಕೊಂಡರೆ ಮುಗಿಯಿತು, ನಾವು ಗೆದ್ದಂತೆ. ಟವರ್ ಹಾರಿದಳು. ಅವಳಷ್ಟು ಎತ್ತರಕ್ಕೆ ಹಾರಬಲ್ಲವರು ಆ ಹಾಲಿನಲ್ಲಿ ಯಾರೂ ಇರಲಿಲ್ಲ. ಆದರೆ ಅವಳ ಕಣ್ಣು ಚೆಂಡಿನ ಮೇಲಿರಲಿಲ್ಲ. ಬಾಯಿ ತೆರೆದುಕೊಂಡು ಚಿಕ್ಕಮ್ಮನನ್ನೇ ನೋಡುತ್ತಿದ್ದಳು. ಚೆಂಡು ಅವಳ ಬೆರಳುಗಳಿಗೆ ತಾಗಿ, ಮೆತ್ತಗೆ ತಿರುಗಿ, ಬುಟ್ಟಿಯೊಳಗೆ ಇಳಿಯಿತು. ನಾವು ಕಾಯುತ್ತಿದ್ದ ಬುಟ್ಟಿಯೊಳಗೆ.

ನಮ್ಮ ಬುಟ್ಟಿಗೆ ನಾವೇ ಹಾಕಿದರೆ ಎರಡು ಪಾಯಿಂಟು ಎದುರಾಳಿಗಳಿಗೆ. ಗಂಟೆ ಬಾರಿಸಿತು. ಒಂದು ಪಾಯಿಂಟಿನಲ್ಲಿ ಸೋತೆವು.

ಹಾಲಿನಲ್ಲಿದ್ದವರಲ್ಲಿ ಚಿಕ್ಕಮ್ಮ ಒಬ್ಬಳಿಗೆ ಏನಾಯಿತೆಂದು ಗೊತ್ತಿರಲಿಲ್ಲ. ಕೂಗು ಶುರುಮಾಡಿದ ಮೇಲೆ ಮುಗಿಸದೆ ಬಿಟ್ಟು ಅವಳಿಗೆ ಗೊತ್ತಿಲ್ಲ. ಬೆರಳನ್ನು ನೀರಾನೆಯ ಕಡೆ ಚಾಚಿಯೇ ಇದ್ದಳು. "ಆಯ್ತು, ತಗೊಂಡು ಹೋಗಿ!" ಎಂದಳು.

ನೀರಾನೆ ತಲೆ ತೆಗೆದು ಕೆಳಗಿಟ್ಟಿತು. ಲೈಬ್ರರಿಯವರು ಅಂಕಣ ದಾಟಿಕೊಂಡು, ಬಾಲ ಎಳೆದುಕೊಂಡು, ಮೆಟ್ಟಿಲ ಬುಡಕ್ಕೆ ಬಂದರು.

"ಯಾರನ್ನ?" ಎಂದರು.

"ಏನು ಯಾರನ್ನ?"

"ತಗೊಂಡು ಹೋಗಿ ಅಂದ್ರಲ್ಲ."

ಚಿಕ್ಕಮ್ಮನಿಗೆ ಮೈಯೆಲ್ಲ ಬೆವರಿತು. ಇಡೀ ಹಾಲು, ಬ್ಯಾಡ್ಮಿಂಟನ್‌ನವರೂ ಸೇರಿ, ಕಿವಿಯಾಗಿ ಕೂತಿತ್ತು. ಅವಳು ಪಿಸುಗುಟ್ಟಲು ನೋಡಿದಳು, ಆಗಲಿಲ್ಲ. ಬಹಳ ದಿನ ಕಟ್ಟಿಟ್ಟ ದನಿ ಒಮ್ಮೆ ಬಿಟ್ಟ ಮೇಲೆ ಮತ್ತೆ ಕಟ್ಟಿಗೆ ಬರಲಿಲ್ಲ.

"ನನ್ನನ್ನೇ ಅಂತ ಇಟ್ಕೊಳ್ಳಿ!" ಎಂದಳು. ಅದು ಬೀದಿಯ ಆಚೆ ತುದಿಯ ಔಷಧಿ ಅಂಗಡಿಗೂ ಕೇಳಿಸಿತು. ಅಂಗಡಿಯವನೇ ಆಮೇಲೆ ನನಗೆ ಹೇಳಿದ.

"ಸರಿ," ಎಂದರು ಲೈಬ್ರರಿಯವರು. "ಆದರೆ ದಯವಿಟ್ಟು ಇನ್ನು ಪಿಸುಗುಟ್ಟಬೇಡಿ. ಈಚೆಗೆ ನೀವು ಫೋನಲ್ಲಿ ಹೇಳಿದ್ದು ಒಂದಕ್ಷರ ಕೇಳಿಸಿಲ್ಲ ನನಗೆ. ಎಲ್ಲಕ್ಕೂ ಹೂಂ ಅಂದಿದ್ದೀನಿ."

ಗೆದ್ದ ಟ್ಯಾಂಕ್ ತಂಡದವರೇ ನಮಗಿಂತ ಮೊದಲು ಚಪ್ಪಾಳೆ ಹೊಡೆದರು. ಟವರ್ ಮಾತ್ರ ಬುಟ್ಟಿಯ ಕೆಳಗೆ ಅಂಗಾತ ಮಲಗಿ ಏಳಲೊಲ್ಲೆ ಎನ್ನುತ್ತಿದ್ದಳು. ಹಾಸಿಗೆ ಕಂಪನಿಯ ಮ್ಯಾನೇಜರು ಹತ್ತಿರ ಬಂದಾಗ ಬೈಯುತ್ತಾರೆಂದು ಹೆದರಿ ನಾನು ಅಡ್ಡ ನಿಂತೆ. ಅವರು ಬೈಯಲಿಲ್ಲ. ಜೇಬಿನಿಂದ ಟೇಪು ತೆಗೆದು ಅವಳು ಮಲಗಿದ್ದಲ್ಲೇ ತಲೆಯಿಂದ ಕಾಲಿನವರೆಗೆ ಅಳತೆ ತೆಗೆದುಕೊಂಡರು. "ಇಷ್ಟು ಅತ್ತ ಮೇಲೆ ಕೊಡದೇ ಇರೋಕಾಗುತ್ತಾ," ಎಂದರು. ಅವಳು ಅಲ್ಲಿಂದ ಎದ್ದದ್ದು ನಗುತ್ತಲೇ.

ಟ್ಯಾಂಕ್ ತಂಡ ಮೊದಲ ದರ್ಜೆಗೆ ಹೋಯಿತು. ಅಲ್ಲಿ ನೀರಾನೆಯಾಗಲು ತರಬೇತಿ ಪಡೆದ ಯುವಕನೇ ಬೇಕಂತೆ, ಪಲ್ಟಿ ಹೊಡೆಯಲು ಬರಬೇಕಂತೆ. ಲೈಬ್ರರಿಯವರಿಗೆ ಬೇಸರವೇನೂ ಆಗಲಿಲ್ಲ. ವೇಷದೊಳಗೆ ಅಡಗಿ ಕುಣಿಯುವ ಅಗತ್ಯ ಈಗ ಅಷ್ಟಾಗಿ ಕಾಣುವುದಿಲ್ಲ, ಮನೆಯಲ್ಲೇ ಕುಣಿಯುತ್ತೇನೆ ಎಂದರು. ನಮ್ಮ ಊರಿನ ಲೈಬ್ರರಿಗೆ ವರ್ಗ ಮಾಡಿಸಿಕೊಂಡು ಬಂದರು. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ಸಾಕ್ಷಿಗಳು ನಾನು ಮತ್ತು ಟವರ್. ಮಂಡಿಯವರು ಚಿಕ್ಕಮ್ಮನ ದನಿ ವಾಪಸು ಬಂದ ಸಂತೋಷಕ್ಕೆ ಎಲ್ಲರಿಗೂ ಹಣ್ಣು ಹಂಚಿದರು.

ನಾವು ಇನ್ನೂ ಎರಡನೇ ದರ್ಜೆಯಲ್ಲೇ ಇದ್ದೇವೆ. ಕೋಚ್ ಮೇಡಂ ಈ ವರ್ಷ ನಿಜವಾಗಿ ಆಡುವುದನ್ನು ಕಲಿಸುತ್ತಿದ್ದಾರೆ, ನಾವೂ ನಿಜವಾಗಿ ಕಲಿಯುತ್ತಿದ್ದೇವೆ. ಮೊನ್ನೆ ಹೊಸ ಸೀಸನ್ನಿನ ಮೊದಲ ಪಂದ್ಯ ನಮ್ಮದೇ ಆಟದಿಂದ ಗೆದ್ದೆವು. ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರೂ ಬಂದಿದ್ದರು, ಆದರೆ ಆಟ ನೋಡಲಿಲ್ಲ. ಹೊಸ ಮನೆಯ ಕಿಟಕಿಗೆ ಯಾವ ಬಣ್ಣದ ಪರದೆ ಹಾಕುವುದು ಎಂದು ವಾದ ಮಾಡುತ್ತ ಕೂತಿದ್ದರು. ಇಬ್ಬರ ದನಿಯೂ ಹಾಲಿನ ಮೂಲೆ ಮೂಲೆಗೆ ಕೇಳಿಸುತ್ತಿತ್ತು. ಎದುರು ತಂಡದ ಹುಡುಗಿಯೊಬ್ಬಳು ಫ್ರೀ ಥ್ರೋ ಗೆರೆಯ ಮೇಲೆ ನಿಂತು ಸ್ವಲ್ಪ ಹೊತ್ತು ಅವರನ್ನೇ ಕೇಳಿಸಿಕೊಂಡಳು, ಚೆಂಡನ್ನು ಸಲೀಸಾಗಿ ಬುಟ್ಟಿಗೆ ಹಾಕಿದಳು, ಆಮೇಲೆ ಗ್ಯಾಲರಿಯ ಕಡೆ ತಿರುಗಿ ಕೂಗಿದಳು:

"ಬಿಳಿ ಬೇಡ ಆಂಟೀ, ಬೇಗ ಕೊಳೆಯಾಗುತ್ತೆ!"